ಒಂದೇ ಮಹಡಿಗೆ ನಿಲ್ಲುವ ಲಿಫ್ಟಿನ ಸನ್ನಿಧಾನಕ್ಕೆ

ಮಾನ್ಯ ಲಿಫ್ಟ್ ಮಹೋದಯರೇ,

ತಮ್ಮ ಉಕ್ಕಿನ ಹಗ್ಗಗಳಿಗೆ, ಎಣ್ಣೆ ಕಾಣದೆ ನರಳುವ ರಾಟೆಗೆ, ಬಾಗಿಲು ಮುಚ್ಚುವಾಗಲೆಲ್ಲ ತಾವು ಬಿಡುವ ಆ ದೀರ್ಘ ನಿಟ್ಟುಸಿರಿಗೆ ಈ ನಿವೃತ್ತ ಮೇಷ್ಟ್ರ ಅನಂತ ನಮಸ್ಕಾರಗಳು. ತಾವು ಕುಶಲವೆಂದು ನಂಬಿದ್ದೇನೆ. ನಾನೂ ಕುಶಲ; ಅಂದರೆ, ಮಾಜಿಯಾದವನೊಬ್ಬ ಎಷ್ಟರಮಟ್ಟಿಗೆ ಕುಶಲವಾಗಿರಲು ಸಾಧ್ಯವೋ ಅಷ್ಟರಮಟ್ಟಿಗೆ. ತಮ್ಮ ಮೇಲೆ ನನಗೊಂದು ದೂರಿದೆ. ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳದೆ ನನಗೆ ತಿಂದದ್ದು ಅರಗುವುದಿಲ್ಲವಾದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಓದಿ ಮುನಿಸಿಕೊಂಡು, ಜನರನ್ನು ಹೊತ್ತು ನಡುವೆಯೆಲ್ಲೋ ನಿಂತುಬಿಡಬಾರದೆಂದು ಮೊದಲೇ ಕೈಮುಗಿದು ಕೇಳಿಕೊಳ್ಳುತ್ತೇನೆ.

ನಾನು ಯಾರೆಂದು ತಮಗೆ ಗೊತ್ತು. ಮೂರನೆಯ ಮಹಡಿಯವನು, ಕೂದಲು ನರೆಯುವ ತನಕ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಟ್ಟವನು, ರಾಜಪ್ರಭುತ್ವವೆಂದರೇನು, ಕೆಲವೇ ಜನರ ಆಳ್ವಿಕೆಯೆಂದರೇನು, ಸರ್ವಾಧಿಕಾರವೆಂದರೇನು, ಪ್ರಜಾಪ್ರಭುತ್ವದ ಮೂಲತತ್ತ್ವಗಳು ಯಾವುವು ಎಂಬುದನ್ನು ಹಿಂದಿನ ಬೆಂಚಿನವರು ಹಾಯಾಗಿ ತೂಕಡಿಸುವಂತೆ ಪಾಠ ಮಾಡಿದವನು. ಇವನ್ನೆಲ್ಲ ನಾನು ಪುಸ್ತಕದಲ್ಲಿ ಓದಿ ಹೇಳಿದ್ದೇ ಹೊರತು ಒಂದನ್ನೂ ಹತ್ತಿರದಿಂದ ಕಂಡವನಲ್ಲ. ಕಂಡದ್ದೆಲ್ಲ ನಿವೃತ್ತನಾದ ಮೇಲೆ, ಈ ಕಟ್ಟಡದಲ್ಲಿ, ತಮ್ಮ ಬಾಗಿಲ ಮುಂದೆ ಕಾಯುತ್ತ ನಿಂತಾಗ.

ಮೊದಲು ಇಲ್ಲಿ ನಡೆಯುತ್ತಿದ್ದುದು ರಾಜಪ್ರಭುತ್ವ. ಕಟ್ಟಡ ಕಟ್ಟಿಸಿದ ಯಜಮಾನರು ನೆಲಮಹಡಿಯಲ್ಲಿದ್ದರು, ತಮ್ಮ ಬೀಗದ ಕೈ ಅವರ ಜೇಬಿನಲ್ಲಿತ್ತು, ಅವರ ಮುಖ ನೋಡಿ ನಕ್ಕವರಿಗೆ ತಮ್ಮ ಬಾಗಿಲು ತೆರೆಯುತ್ತಿತ್ತು. ಆ ದಿನಗಳಲ್ಲಿ ನಾವೆಲ್ಲ ಬಹಳ ನಗುತ್ತಿದ್ದೆವು. ಅವರು ತೀರಿಕೊಂಡ ಮೇಲೆ ಮೂವರು ಅಳಿಯಂದಿರು ಒಟ್ಟಿಗೆ ಆಳಿದರು. ಒಬ್ಬ ತಮ್ಮನ್ನು ನಡೆಸೆಂದರೆ ಇನ್ನೊಬ್ಬ ನಿಲ್ಲಿಸೆನ್ನುವನು, ಮೂರನೆಯವನು ಊರಲ್ಲಿಲ್ಲ ಎನ್ನುವನು. ಆ ಕಾಲದಲ್ಲಿ ತಾವು ಓಡಿದ್ದನ್ನು ಕಂಡವರು ಕಡಿಮೆ. ಕೊನೆಗೆ ಅವರು ಬೇಸತ್ತು ಕಟ್ಟಡವನ್ನು ನಮ್ಮ ಪಾಡಿಗೆ ಬಿಟ್ಟು ಹೋದಾಗ, ಎರಡನೆಯ ಮಹಡಿಯ ಕರ್ನಲ್ ಸಾಹೇಬರು ಯಾರೂ ಕೇಳದಿದ್ದರೂ ಬೀಗದ ಕೈ ಎತ್ತಿಕೊಂಡರು. ಅವರು ಸೇನೆಯ ಉಗ್ರಾಣದಲ್ಲಿ ಕಂಬಳಿ ನೋಡಿಕೊಳ್ಳುತ್ತಿದ್ದರೆಂದೂ ಕರ್ನಲ್ ಎಂಬುದು ನಾವಿಟ್ಟ ಹೆಸರೆಂದೂ ಎಲ್ಲರಿಗೂ ಗೊತ್ತಿತ್ತು. ಆದರೆ ಆ ಮೀಸೆಯ ಮುಂದೆ ಅದನ್ನು ಹೇಳುವವರಿರಲಿಲ್ಲ.

ಸತ್ಯ ಹೇಳುತ್ತೇನೆ, ಕರ್ನಲ್ ಸಾಹೇಬರ ಕಾಲದಲ್ಲಿ ತಾವು ಗಡಿಯಾರದಂತೆ ನಡೆದಿರಿ. ಒದ್ದೆ ಕೊಡೆ ಹಿಡಿದವರಿಗೆ ಪ್ರವೇಶವಿಲ್ಲ, ಮಕ್ಕಳು ಮೆಟ್ಟಿಲಲ್ಲೇ ಹೋಗಬೇಕು, ಒಳಗೆ ಮಾತನಾಡಕೂಡದು ಎಂದೆಲ್ಲ ಅಪ್ಪಣೆಯಾದಾಗ ನಾವು ಚಕಾರವೆತ್ತಲಿಲ್ಲ. ಲಿಫ್ಟ್ ಬರುತ್ತಿದೆಯಲ್ಲ, ಅಷ್ಟು ಸಾಕು ಎಂದುಕೊಂಡೆವು. ಎಲ್ಲರಿಗಿಂತ ಹೆಚ್ಚು ಅಂದುಕೊಂಡವನು ನಾನೇ. ಹೀಗಿರುವಾಗ ಒಂದು ದಿನ ನಾನು ಹೊಸ ಹಾಸಿಗೆ ಕೊಂಡು ತಂದೆ. ಕರ್ನಲ್ ಸಾಹೇಬರು, "ಹಾಸಿಗೆಗೆಲ್ಲ ಅವಕಾಶ ಇಲ್ಲ ಮೇಷ್ಟ್ರೇ, ಹೊತ್ಕೊಂಡು ಹೋಗಿ," ಎಂದು ನನ್ನನ್ನು ತಮ್ಮೊಳಗಿಂದ ಇಳಿಸಿದರು. ಅಷ್ಟು ವರ್ಷ ಪಾಠ ಮಾಡಿದರೂ ಎಚ್ಚರಗೊಳ್ಳದ ನನ್ನ ಸ್ವಾತಂತ್ರ್ಯಪ್ರೇಮ, ಎರಡನೆಯ ಮಹಡಿಯ ತಿರುವಿನಲ್ಲಿ, ಹಾಸಿಗೆಯ ಅಡಿಯಲ್ಲಿ ಎಚ್ಚರವಾಯಿತು.

ಮುಂದಿನದು ತಮಗೆ ಗೊತ್ತೇ ಇದೆ. ನಾನು ಮನೆ ಮನೆಗೆ ಹೋಗಿ ದಬ್ಬಾಳಿಕೆಯ ವಿರುದ್ಧ ಮಾತನಾಡಿದೆ. ಈ ಕಟ್ಟಡದ ನಿವಾಸಿಗಳಾದ ನಾವು ಎಂದು ಆರಂಭವಾಗುವ ಒಂದು ಸಂವಿಧಾನ ಬರೆದೆ. ಮತ ಮನೆಗೊಂದೋ ತಲೆಗೊಂದೋ ಎಂಬುದನ್ನು ಸಭೆಯ ಮೇಲೆ ಸಭೆ ಕರೆದು ಚರ್ಚಿಸಿ, ಮನುಷ್ಯರೆಲ್ಲ ಸಮಾನರೆಂಬ ಉದಾತ್ತ ತತ್ತ್ವದ ಆಧಾರದ ಮೇಲೆ ತಲೆಗೊಂದೆಂದೇ ತೀರ್ಮಾನಿಸಿದೆ. ಅತಿ ಹೆಚ್ಚು ತಲೆಗಳು ಇದ್ದುದು ನಮ್ಮ ಮೂರನೆಯ ಮಹಡಿಯಲ್ಲಿ, ಅದರಲ್ಲೂ ಎದುರು ಮನೆಯ ನನ್ನ ತಮ್ಮನ ಸಂಸಾರದಲ್ಲಿ ಎಂಬುದು ಕೇವಲ ಕಾಕತಾಳೀಯ. ಕರ್ನಲ್ ಸಾಹೇಬರು ಬೀಗದ ಕೈಯನ್ನು ಮೇಜಿನ ಮೇಲೆ ಕುಕ್ಕಿ ಎದ್ದು ಹೋದರು. ನಾನು ಅಧ್ಯಕ್ಷನಾದೆ. ಅವರು ಮತ್ತೆ ತಲೆಯೆತ್ತದಿರಲೆಂದು, ಒಮ್ಮೆ ಆದ ನಿರ್ಣಯವನ್ನು ಬದಲಿಸಲು ಮೂರನೇ ಎರಡರಷ್ಟು ಬಹುಮತ ಬೇಕೆಂಬ ಕಲಮನ್ನೂ ಸೇರಿಸಿ, ಅದರ ಅಂದಕ್ಕೆ ನಾನೇ ಮರುಳಾದೆ.

ಆಗ ತಾವು ಕೆಟ್ಟಿರಿ. ನನ್ನ ದೂರು ಶುರುವಾಗುವುದು ಇಲ್ಲಿಂದ. ರಾಜರ ಕಾಲದಲ್ಲಿ ಕೆಡಬಹುದಿತ್ತು, ಅಳಿಯಂದಿರ ಕಾಲದಲ್ಲಿ ಕೆಟ್ಟಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಆದರೆ ತಾವು ಪ್ರಜಾಪ್ರಭುತ್ವ ಕಣ್ಣುಬಿಡುವ ತನಕ ಕಾದು, ನಾನು ಅಧ್ಯಕ್ಷನಾದ ತಿಂಗಳೇ ತಮ್ಮ ಕಂಟ್ರೋಲ್ ಬೋರ್ಡನ್ನು ಸುಟ್ಟುಕೊಂಡಿರಿ. ಮೆಕ್ಯಾನಿಕ್ ಬಂದ, ತಮ್ಮ ನೆತ್ತಿಯ ಮೇಲಿನ ಪೆಟ್ಟಿಗೆಯೊಳಗೆ ತಲೆ ತೂರಿಸಿ ನೋಡಿದ, ಕೈ ಒರೆಸಿಕೊಳ್ಳುತ್ತ ಹೇಳಿದ: "ಹೊಸ ಬೋರ್ಡ್ ಬರೋವರೆಗೂ ಕೆಳಗಿಂದ ಒಂದೇ ಮಹಡಿಗೆ ಓಡಿಸ್ಬೋದು ಸಾರ್. ಯಾವ ಮಹಡಿಗೆ ಅಂತ ನೀವೇ ಹೇಳಿ, ಅಲ್ಲಿಗೆ ಕನೆಕ್ಷನ್ ಕೊಡ್ತೀನಿ."

"ಹೊಸ ಬೋರ್ಡ್ ಯಾವಾಗ ಬರುತ್ತೆ?" ಎಂದೆ.

"ಬಂದಾಗ ಬರುತ್ತೆ ಸಾರ್."

ನಾನು ಹಿಗ್ಗಿಹೋದೆ. ಮತಕ್ಕೆ ಹಾಕಲು ಇಷ್ಟು ಸ್ಪಷ್ಟವಾದ ಪ್ರಶ್ನೆ ಯಾವ ಅಧ್ಯಕ್ಷನಿಗೆ ಸಿಗುತ್ತದೆ? ಭಾನುವಾರ ಬೆಳಿಗ್ಗೆ, ವಾಹನ ನಿಲ್ಲಿಸುವ ಜಾಗದಲ್ಲಿ ಸಭೆ ಕರೆದೆ. ನಲ್ಲಿಯಲ್ಲಿ ನೀರು ಬರುವುದೂ ಅದೇ ಹೊತ್ತಿಗೆ ಎಂಬುದು ನನ್ನ ಗಮನಕ್ಕೆ ಬರಲಿಲ್ಲ, ಏಕೆಂದರೆ ಬಟ್ಟೆ ಒಗೆಯುವುದು ನನ್ನ ಕೆಲಸವಾಗಿರಲಿಲ್ಲ. ಹೆಂಗಸರಲ್ಲಿ ಬಂದವರು ಇಬ್ಬರೇ: ಐದನೆಯ ಮಹಡಿಯಲ್ಲಿ ಒಬ್ಬರೇ ಇರುವ ನಿವೃತ್ತ ನರ್ಸಮ್ಮ, ಮತ್ತು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅರ್ಧದಲ್ಲಿ ಬಂದ ನನ್ನ ಹೆಂಡತಿ.

ನಾನು ಪ್ರಸ್ತಾವನೆ ಓದಿ ಮುಗಿಸುವ ಮೊದಲೇ ಹೆಂಡತಿ, "ರೀ, ಐದಕ್ಕೇ ನಿಲ್ಲಲಿ ಬಿಡಿ. ಅಲ್ಲಿಂದ ಎಲ್ಲರೂ..." ಎಂದು ಆರಂಭಿಸಿದಳು.

"ಮಾನ್ಯ ಸದಸ್ಯರು ಅಧ್ಯಕ್ಷರ ಅನುಮತಿ ಪಡೆದು ಮಾತನಾಡತಕ್ಕದ್ದು," ಎಂದೆ.

"ಅಧ್ಯಕ್ಷರು ಎರಡನೇ ಸಲ ಕಾಫಿ ಬೇಕಾದ್ರೆ ನನ್ನ ಅನುಮತಿ ಕೇಳ್ತಾರೆ," ಎಂದಳು ಅವಳು ಸಭೆಗೆ.

ಸಭೆ ಗೊಳ್ಳೆಂದು ನಕ್ಕಿತು. ನಾನು ಕಿವಿಯ ತನಕ ಕೆಂಪಾಗಿ, ಸೂಚನೆಗಳೇನಿದ್ದರೂ ಮುಂಚಿತವಾಗಿ ಲಿಖಿತ ರೂಪದಲ್ಲಿ ಬರತಕ್ಕದ್ದೆಂದು ತೀರ್ಪು ಕೊಟ್ಟು ಅವಳನ್ನು ಕೂರಿಸಿದೆ. ಅವಳು ಕೂರಲಿಲ್ಲ, ನೀರು ನಿಂತುಹೋಗುವುದೆಂದು ಮೇಲೆ ಹೊರಟುಹೋದಳು. ಆಮೇಲೆ ಕೈ ಎತ್ತಿಸಿದೆ. ಒಂದು, ಎರಡನೆಯ ಮಹಡಿಗಳವರು ತಮಗೇನು ನಷ್ಟವೆಂದು ನಮ್ಮ ಜೊತೆ ಕೈ ಎತ್ತಿದರು, ನಾಲ್ಕರವರು ನಾಲ್ಕಕ್ಕೆ ಎತ್ತಿದರು, ನರ್ಸಮ್ಮ ಒಬ್ಬರೇ ಐದಕ್ಕೆ ಎತ್ತಿದರು. ಮೂರನೆಯ ಮಹಡಿ ಗೆದ್ದಿತು. ನಾನು ಬಹುಮತದ ಪಾವಿತ್ರ್ಯದ ಕುರಿತು ಸುದೀರ್ಘವಾಗಿ ಮಾತನಾಡಿದೆ. ತಮಗೂ ಕೇಳಿಸಿರಬೇಕು, ತಾವು ಪಕ್ಕದಲ್ಲೇ ಬಾಯಿ ತೆರೆದು ನಿಂತಿದ್ದಿರಿ.

ಎಲ್ಲ ಮುಗಿದ ಮೇಲೆ ನರ್ಸಮ್ಮ ಎದ್ದು ಕೇಳಿದರು: "ಮೇಷ್ಟ್ರೇ, ಒಂದು ಅನುಮಾನ. ಎಲ್ಲರೂ ಕೈ ಎತ್ತಿ ನನ್ನ ಮಂಡಿ ನೋಯ್ತಿಲ್ಲ ಅಂದ್ರೆ, ಅದು ನೋಯೋದು ನಿಲ್ಲಿಸುತ್ತಾ?"

"ಅದು ಇಂದಿನ ಕಾರ್ಯಸೂಚಿಯಲ್ಲಿಲ್ಲ," ಎಂದೆ.

ಮಾನ್ಯರೇ, ಈ ಮಾತನ್ನು ನಾನು ಆಡಿದ್ದು ನಿಜ. ಆಗ ಅದು ನನಗೆ ಚುರುಕಾದ ಉತ್ತರವೆನಿಸಿತ್ತು.

ಅಂದಿನಿಂದ ತಾವು ನನ್ನನ್ನು ನೇರ ನನ್ನ ಮನೆ ಬಾಗಿಲಿಗೆ ತಂದು ಬಿಡತೊಡಗಿದಿರಿ, ಪ್ರಜಾಪ್ರಭುತ್ವ ಇಷ್ಟು ಸುಖವಾದದ್ದೆಂದು ನನಗೆ ಗೊತ್ತೇ ಇರಲಿಲ್ಲ. ಸ್ವಲ್ಪ ದಿನಕ್ಕೆ ನಾಲ್ಕನೆಯ ಮಹಡಿಯ ತಿರುವಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಬಂದು ಕೂತಿದೆಯೆಂದೂ, ಮೆಟ್ಟಿಲ ಮೇಲೆ ಯಾವ ಸಾಮಾನನ್ನೂ ಇಡಕೂಡದೆಂಬ ಕಲಮಿಗೆ ಅದು ವಿರುದ್ಧವೆಂದೂ ದೂರು ಬಂತು. ಕಲಮು ನನ್ನದೇ. ನೋಟಿಸ್ ಬರೆದು, ಸಹಿ ಹಾಕಿ, ಖುದ್ದಾಗಿ ಕೊಡಲು ಜೇಬಿನಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದೆ.

ಕುರ್ಚಿಯಲ್ಲಿ ನರ್ಸಮ್ಮ ಕೂತಿದ್ದರು. ಒಂದು ಕೈ ಮಂಡಿಯ ಮೇಲೆ, ಇನ್ನೊಂದು ಕೈ ಮಡಿಲಲ್ಲಿದ್ದ ಚೀಲದ ಮೇಲೆ. ಚೀಲದೊಳಗೆ ಖಾಲಿ ಊಟದ ಡಬ್ಬಿ. ಮುಖ ಬೆವತಿತ್ತು. "ಬನ್ನಿ ಮೇಷ್ಟ್ರೇ, ಎರಡೇ ನಿಮಿಷ, ಎದ್ದುಬಿಡ್ತೀನಿ," ಎಂದರು, ನಾನು ದಾರಿ ಬಿಡಿರೆಂದು ಕೇಳಲು ಬಂದಿದ್ದೇನೆಂಬಂತೆ.

ಇಷ್ಟು ಹೊತ್ತಿನಲ್ಲಿ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದೆ, ಏನೋ ಒಂದು ಕೇಳಬೇಕಲ್ಲ ಎಂದು. ತಂಗಿಯ ಹತ್ತಿರ ಎಂದರು. ಹಿಂದಿನ ಬೀದಿಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಿದೆ. ಅಲ್ಲಿ ಅವರ ತಂಗಿಯಿದ್ದಾರೆ. ಮರೆವಿನ ಕಾಯಿಲೆ. ಅಕ್ಕನ ಹೆಸರೂ ನೆನಪಿಲ್ಲ, ಆದರೆ ಅಕ್ಕ ತುತ್ತು ಹಿಡಿದರೆ ಮಾತ್ರ ಬಾಯಿ ತೆರೆಯುತ್ತಾರೆ.

"ಎರಡು ಹೊತ್ತೂ ಹೋಗ್ತಿದ್ದೆ. ಈಗ ಮಧ್ಯಾಹ್ನ ಮಾತ್ರ."

"ರಾತ್ರಿ ಊಟ?"

"ಅಲ್ಲಿರೋ ಹುಡುಗಿ ಒಳ್ಳೆಯವಳು, ತಿನ್ನಿಸೋಕೆ ನೋಡ್ತಾಳೆ. ಇವಳು ಬಾಯಿ ತೆಗಿಯಲ್ಲ, ಅಷ್ಟೆ."

ನಾನು ಮೆಟ್ಟಿಲ ಮೇಲೆ ಕೂತೆ. ಜೇಬಿನಲ್ಲಿದ್ದ ನೋಟಿಸ್ ಎದೆಗೆ ಚುಚ್ಚಿತು. ಅದನ್ನು ಗಟ್ಟಿ ಕಾಗದದ ಮೇಲೆ ಬರೆದಿದ್ದೆ. "ಇದನ್ನ ಸಭೆಯಲ್ಲಿ ಯಾಕೆ ಹೇಳ್ಲಿಲ್ಲ ನರ್ಸಮ್ಮ? ಹೇಳಿದ್ದಿದ್ರೆ ಎಲ್ಲರೂ ಐದಕ್ಕೇ ಕೈ ಎತ್ತಿರೋರು."

ಅವರು ನನ್ನನ್ನು ನೋಡಿದ ಬಗೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಸಿಟ್ಟಿರಲಿಲ್ಲ, ಪಾಠ ಒಪ್ಪಿಸಲಾರದ ದಡ್ಡ ವಿದ್ಯಾರ್ಥಿಯನ್ನು ನಾನು ಹಾಗೆ ನೋಡುತ್ತಿದ್ದೆ. "ಯಾಕೆ ಹೇಳ್ಬೇಕು? ಇದೇ ಕಟ್ಟಡದಲ್ಲಿ ಇದ್ದೀನಿ, ಲಿಫ್ಟ್ ಹತ್ತೋಕೆ ಅಷ್ಟು ಸಾಲ್ದಾ? ನನ್ನ ತಂಗಿ ಬಾಯಿ ತೆಗಿಯಲ್ಲ ಅಂತ ಅತ್ತು, ನಿಮ್ಮೆಲ್ಲರ ಕೈಲಿ ಅಯ್ಯೋ ಅನ್ನಿಸಿಕೊಂಡು ಮನೆಗೆ ಹೋಗ್ಬೇಕಾ? ಈಗ್ಲೂ ಯಾರಿಗೂ ಹೇಳ್ಬೇಡಿ. ಹೇಳಿದ್ರೆ ಕುರ್ಚೀನೂ ಬೇಡ, ಲಿಫ್ಟೂ ಬೇಡ ನನಗೆ."

ಅಲ್ಪಸಂಖ್ಯಾತರ ಹಕ್ಕು ಎಂಬ ಪಾಠ ನನ್ನ ಟಿಪ್ಪಣಿಯಲ್ಲಿ ಎರಡು ಪುಟವಿತ್ತು, ಪರೀಕ್ಷೆಗೆ ಸಾಮಾನ್ಯವಾಗಿ ಕೇಳುವುದಿಲ್ಲವೆಂದು ನಾನು ಅದನ್ನು ಬೇಗ ಬೇಗ ಮುಗಿಸುತ್ತಿದ್ದೆ. ಅವತ್ತು ನಾನು ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟು, ಅವರ ಚೀಲ ಹಿಡಿದು ಐದನೆಯ ಮಹಡಿಯ ತನಕ ಹೋದೆ. ಬಾಗಿಲು ತೆಗೆಯುವಾಗ ಅವರು, "ನೀವೇನೋ ಕೊಡೋಕೆ ಬಂದಿದ್ರಿ ಅನ್ಸುತ್ತೆ," ಎಂದರು. ಏನಿಲ್ಲ ಎಂದೆ.

ಮರುದಿನದಿಂದ ನಾನು, ತಾವು ಐದಕ್ಕೇ ನಿಲ್ಲಬೇಕೆಂದು ಪ್ರಚಾರಕ್ಕೆ ಹೊರಟೆ. ಕಾರಣ ಹೇಳುವಂತಿರಲಿಲ್ಲ, ಮಾತು ಕೊಟ್ಟಿದ್ದೆ. ಹಾಗಾಗಿ ಬರೀ ತತ್ತ್ವ ಹೇಳಿದೆ. ತತ್ತ್ವ ಕೇಳಿ ಯಾರೂ ಅಲುಗಾಡಲಿಲ್ಲ. ನನ್ನ ಸ್ವಂತ ತಮ್ಮ ಬಾಗಿಲಿಗೆ ಅಡ್ಡ ನಿಂತು, "ಅಣ್ಣಾ, ಬಹುಮತ ಅಂದ್ರೆ ಬಹುಮತ ಅಂತ ಹೇಳಿದ್ದು ನೀನೇ. ಪೂರ್ತಿ ಭಾಷಣ ಬಾಯಿಪಾಠ ಆಗಿದೆ ನನಗೆ, ಹೇಳ್ಲಾ?" ಎಂದ. ಹೇಳಿಯೂಬಿಟ್ಟ. ಅಷ್ಟು ಚೆನ್ನಾಗಿ ನನ್ನ ವಿದ್ಯಾರ್ಥಿಗಳಾರೂ ಒಪ್ಪಿಸಿರಲಿಲ್ಲ.

ಆ ಸಂಜೆ ಕರ್ನಲ್ ಸಾಹೇಬರು ಮನೆಗೆ ಬಂದರು. ಕೂತರು, ಮೀಸೆ ತಿರುವಿದರು. "ಬೀಗದ ಕೈ ನನಗೆ ಕೊಡಿ ಮೇಷ್ಟ್ರೇ. ನಾಳೆ ಬೆಳಿಗ್ಗೆ ಮೆಕ್ಯಾನಿಕ್ ಕರೆಸಿ ಐದಕ್ಕೆ ನಿಲ್ಲಿಸ್ತೀನಿ. ಯಾವನು ಕೇಳ್ತಾನೋ ನೋಡೇಬಿಡೋಣ."

ಮಾನ್ಯರೇ, ನಾನು ಕೊಡಲು ಎದ್ದೆ. ಪ್ರಜಾಪ್ರಭುತ್ವದ ಕುರಿತು ಒಂದು ಇಡೀ ಸಂವಿಧಾನ ಬರೆದವನು, ಒಳ್ಳೆಯ ಕೆಲಸಕ್ಕಲ್ಲವೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತ, ಬೀಗದ ಕೈ ತೂಗುಹಾಕಿದ ಮೊಳೆಯ ತನಕ ನಡೆದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಐದಕ್ಕೆ ನಿಲ್ಲಿಸ್ತಾರೆ, ಸರಿ. ನಾಡಿದ್ದು ಅವರಿಗೆ ಬೇಜಾರಾದ್ರೆ ಯಾರನ್ನ ಕೇಳೋದು?" ಎಂದಳು. ಕರ್ನಲ್ ಸಾಹೇಬರು ತಮ್ಮ ಮೀಸೆಯನ್ನು ಬಿಟ್ಟು ಕಾಫಿ ಲೋಟವನ್ನು ಹಿಡಿದುಕೊಂಡರು.

ಅವರು ಹೋದ ಮೇಲೆ ಅವಳು ನನ್ನ ಮುಂದೆ ಕೂತು, ಅಂದು ನಾನು ಕೂರಿಸಿದ ಮಾತನ್ನು ಪೂರ್ತಿ ಹೇಳಿದಳು. "ಒಗೆದ ಬಟ್ಟೆ ಎಲ್ಲಿ ಒಣಗಿಸ್ತೀವಿ? ತಾರಸಿ ಮೇಲೆ. ತಾರಸಿ ಎಲ್ಲಿದೆ? ಐದರ ಮೇಲೆ. ಒದ್ದೆ ಬಟ್ಟೆ ಬಕೆಟ್ ಹಿಡ್ಕೊಂಡು ಈ ಕಟ್ಟಡದ ಒಂದೊಂದು ಮನೆಯಿಂದಲೂ ಯಾರೋ ಒಬ್ಬರು ದಿನಾ ಹತ್ತುತ್ತಾರೆ. ಐದಕ್ಕೆ ನಿಂತ್ರೆ ಎಲ್ಲರಿಗೂ ಆಯ್ತು. ಉಳಿದೋರು ಮೇಲೆ ಹೋಗಿ ನಿಧಾನಕ್ಕೆ ಇಳ್ಕೊಂಡು ಬಂದ್ರಾಯ್ತು, ಹತ್ತೋದಕ್ಕಿಂತ ಇಳಿಯೋದು ವಾಸಿ. ಇದನ್ನೇ ಹೇಳೋಕೆ ಬಂದಿದ್ದೆ."

"ಆವತ್ತೇ ಯಾಕೆ ಹೇಳ್ಲಿಲ್ಲ?" ಎಂದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ಸೂಚನೆಯನ್ನು ಮುಂಚಿತವಾಗಿ, ಲಿಖಿತ ರೂಪದಲ್ಲಿ, ನನ್ನ ಕಲಮಿಗೆ ಸರಿಯಾಗಿ ಕೊಟ್ಟಳು. ಸಭೆ ನೀರು ನಿಂತ ಮೇಲೆ, ಮಧ್ಯಾಹ್ನವಾಗಬೇಕು. ಮತ ಚೀಟಿಯಲ್ಲಾಗಬೇಕು, ಯಾರೂ ಯಾರನ್ನೂ ದುರುಗುಟ್ಟಿ ನೋಡುವಂತಿಲ್ಲ ಎಂದೂ ಬರೆದಿದ್ದಳು. ಅಂದು ವಾಹನಗಳನ್ನು ಹೊರಗೆ ನಿಲ್ಲಿಸಿದರೂ ಕೂರಲು ಜಾಗ ಸಾಲಲಿಲ್ಲ. ಒಂದನೆಯ ಮಹಡಿಯ ದರ್ಜಿಯ ಅತ್ತೆ, ಇಷ್ಟು ವರ್ಷ ಬಕೆಟ್ ಹೊತ್ತ ತಮ್ಮ ಭುಜವನ್ನು ತೋರಿಸಿ ಮಾತನಾಡಿದರು. ಅವರನ್ನು ಅನುಮತಿ ಕೇಳೆನ್ನುವ ಧೈರ್ಯ ನನಗಾಗಲಿಲ್ಲ. ಚೀಟಿ ಎಣಿಸಿದಾಗ ಮೂರನೇ ಎರಡನ್ನು ಸೂಚನೆ ಕೂದಲೆಳೆಯಲ್ಲಿ ದಾಟಿತ್ತು. ನನ್ನ ತಮ್ಮ ತಾನು ಮೂರಕ್ಕೇ ಹಾಕಿದ್ದೆನೆಂದು ಎಲ್ಲರಿಗೂ ಸಾರಿ ಹೇಳಿದ. ಅವನ ಹೆಂಡತಿ ಸುಮ್ಮನೆ ನಗುತ್ತಿದ್ದಳು. ಯಾರೂ ನರ್ಸಮ್ಮನ ಕಡೆ ನೋಡಲಿಲ್ಲ, ಯಾರೂ ಅಯ್ಯೋ ಅನ್ನಲಿಲ್ಲ. ಅವರು ಎಲ್ಲರ ಹಾಗೆ ಚೀಟಿ ಹಾಕಿ, ಎಲ್ಲರ ಹಾಗೆ ತಮ್ಮೊಳಗೆ ಹತ್ತಿ ಮನೆಗೆ ಹೋದರು.

ಇದಾದ ಮೇಲೆ ಬಂದ ಚುನಾವಣೆಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ನರ್ಸಮ್ಮ ನನ್ನ ಹೆಂಡತಿಯ ಹೆಸರನ್ನು ಸೂಚಿಸಿದರು. ನನಗೆ ಎರಡು ಮತ ಬಂದವು. ಒಂದು ನನ್ನದೇ. ಇನ್ನೊಂದು ಯಾರದಿರಬಹುದೆಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಹೆಂಡತಿ, "ನಾನೇ ಹಾಕಿದ್ದು ರೀ. ಎಷ್ಟಾದ್ರೂ ಇಷ್ಟು ವರ್ಷ ಜೊತೆಗಿದ್ದೀರಲ್ಲ," ಎಂದಳು. ನಾನು ಅವಳಿಗೆ ಹಾಕಿರಲಿಲ್ಲವೆಂಬುದನ್ನು ಗುಪ್ತ ಮತದಾನ ಕಾಪಾಡಬೇಕಿತ್ತು. ಆದರೆ ಬಿದ್ದದ್ದು ಎರಡೇ ಮತವಾದಾಗ ಗುಪ್ತವೆಂಬುದು ಎಲ್ಲಿ ಉಳಿಯುತ್ತದೆ?

ಆದ್ದರಿಂದ ಮಾನ್ಯರೇ, ನನ್ನ ಕೋರಿಕೆಗಳೇನೂ ದೊಡ್ಡವಲ್ಲ. ಮುಂದಿನ ಸಲ ಕೆಡುವಾಗ ದಯವಿಟ್ಟು ಬೇರೆ ಯಾರಾದರೂ ಅಧ್ಯಕ್ಷರಾಗಿರುವಾಗ ಕೆಡತಕ್ಕದ್ದು. ಸಾಧ್ಯವಾದರೆ ಬಾಗಿಲು ಮುಚ್ಚುವ ಮುನ್ನ, ಒಳಗಿರುವವರಲ್ಲಿ ಮಾತು ಮುಗಿಸದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸತಕ್ಕದ್ದು. ನಾನು ಐದರಿಂದ ಮೂರಕ್ಕೆ ಇಳಿದು ಬರುವಾಗ ಬಕೆಟ್ ಹಿಡಿದವರೆಲ್ಲ, "ಏನ್ ಮೇಷ್ಟ್ರೇ, ಇಳೀತಿದ್ದೀರಾ?" ಎಂದು ಕೇಳುತ್ತಾರೆ, ಆ ಪ್ರಶ್ನೆಯನ್ನು ನಿಷೇಧಿಸುವ ಅಧಿಕಾರ ತಮಗಿದ್ದರೆ ಚಲಾಯಿಸತಕ್ಕದ್ದು. ಇದಾವುದೂ ಆಗದಿದ್ದರೆ, ಸಂಜೆಯ ಹೊತ್ತು ನರ್ಸಮ್ಮ ಕೆಳಗೆ ಕಾಯುತ್ತಿರುವಾಗ ತಡ ಮಾಡದೆ ಹೋಗಿ ಕರೆತಂದರೆ ಸಾಕು, ಉಳಿದದ್ದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇನೆ.

ಹೋದ ವಾರ ಅವರು, ಸುಮ್ಮನೆ ಕೂತಿದ್ದೀರಲ್ಲ ಬನ್ನಿ ಎಂದು ನನ್ನನ್ನೂ ತಂಗಿಯ ಹತ್ತಿರ ಕರೆದುಕೊಂಡು ಹೋದರು. ಕಿಟಕಿಯ ಪಕ್ಕ ಮಂಚದ ಮೇಲೆ, ಹಕ್ಕಿಯಷ್ಟು ಸಣ್ಣಗಾದ ಹೆಂಗಸೊಬ್ಬರು ಗೋಡೆ ನೋಡುತ್ತಿದ್ದರು. ಅಕ್ಕ ತುತ್ತು ಹಿಡಿದಾಗ ನನ್ನ ಕಡೆ ತಿರುಗಿ, "ಇವರ್ಯಾರು?" ಎಂದರು.

"ನಮ್ಮ ಕಟ್ಟಡದ ಮಾಜಿ ಅಧ್ಯಕ್ಷರು ಕಣೇ," ಎಂದರು ನರ್ಸಮ್ಮ.

ಆಕೆ ನನ್ನನ್ನು ತುಂಬಾ ಹೊತ್ತು ನೋಡಿದರು. ನಾನು ಇದ್ದಷ್ಟು ಗಾಂಭೀರ್ಯವನ್ನೆಲ್ಲ ಒಟ್ಟುಗೂಡಿಸಿಕೊಂಡು ಕೂತೆ. "ಪಾಪ," ಎಂದರು ಆಕೆ. "ಮೊದಲು ಅವರಿಗೆ ಕೊಡು."

ಮಾನ್ಯರೇ, ಎಷ್ಟು ಬೇಡವೆಂದರೂ ಬಿಡಲಿಲ್ಲ. ನಾನು ಬಾಯಿ ತೆರೆದೆ. ಆಮೇಲೆ ಆಕೆಯೂ ತೆರೆದರು.

ಹತ್ತುವಾಗ ನಿಂತು, ಇಳಿಯುವಾಗ ನಡೆಯುವ,
ತಮ್ಮ ವಿಶ್ವಾಸಿ,
ಮೂರನೆಯ ಮಹಡಿಯ ಮಾಜಿ

ಮರೆತ ಮಾತು: ಈ ಪತ್ರವನ್ನು ತಮ್ಮ ಒಳಗೋಡೆಗೇ ಅಂಟಿಸಬೇಕೆಂದಿದ್ದೆ. ಅದಕ್ಕೆ ಅಧ್ಯಕ್ಷರ ಲಿಖಿತ ಅನುಮತಿ ಬೇಕಂತೆ; ಅರ್ಜಿ ಕೊಟ್ಟಿದ್ದೇನೆ, ಪರಿಶೀಲನೆಯಲ್ಲಿದೆಯೆಂದು ಊಟಕ್ಕೆ ಬಡಿಸುವಾಗ ತಿಳಿಸಿದರು. ನರ್ಸಮ್ಮನ ಅನುಮತಿ ಮಾತ್ರ ಮೊದಲೇ ಸಿಕ್ಕಿದೆ; ಪೂರ್ತಿ ಓದಿ, "ಇದರಲ್ಲಿ ಅಯ್ಯೋ ಅನ್ನಿಸಿಕೊಳ್ಳೋರು ನೀವೇ, ಅಂಟಿಸಿ," ಎಂದರು. ಸದ್ಯಕ್ಕೆ ಮೆಟ್ಟಿಲ ಗೋಡೆಗೆ ಅಂಟಿಸುತ್ತಿದ್ದೇನೆ. ಒಂದು ಲೆಕ್ಕದಲ್ಲಿ ಅದೇ ಸರಿಯಾದ ಜಾಗ: ಮೇಲೇರುತ್ತಿರುವವರು ಯಾವ ಕಾಲದಲ್ಲೂ ಏನನ್ನೂ ಓದುವುದಿಲ್ಲ, ಪುರುಸೊತ್ತಿರುವುದು ಇಳಿಯುತ್ತಿರುವವರಿಗೆ ಮಾತ್ರ.